ಸುಣ್ಣಕಲ್ಲಿನ ಸೀಮೆಯಲ್ಲಿ ಕಾರ್ಬಾಲಿಕ್: ತೆಳು ಫೀನಾಲ್ ದ್ರಾವಣದ ಚರಿತ್ರೆ

ಶಹಾಬಾದಿ ಫರ್ಸಿ ಹಾಸಿದ ನೆಲದ ಮೇಲೆ ಪಾಯಿಖಾನೆ ತೊಳೆಯುವ ಆಸಿಡ್ ಚೆಲ್ಲಿದರೆ ಕಲ್ಲು ಬುಸ್ಸೆಂದು ನೊರೆಯೇಳುತ್ತದೆ; ಒರೆಸಿದ ಮೇಲೂ ಬಿಳಿಚಿದ ಕಲೆ ಉಳಿಯುತ್ತದೆ. ಅದೇ ಕಲ್ಲನ್ನು ದಿನವೂ ಕಪ್ಪು ಫಿನಾಯಿಲ್ ಹಾಕಿ ಒರೆಸಿದರೂ ಏನೂ ಆಗುವುದಿಲ್ಲ. ಫೀನಾಲ್, ಅಂದರೆ ಹಳಬರ ಕಾರ್ಬಾಲಿಕ್ ಆಸಿಡ್, ಸೋಡಾ ನೀರಿನಲ್ಲಿರುವ ಕಾರ್ಬಾನಿಕ್ ಆಮ್ಲಕ್ಕಿಂತಲೂ ದುರ್ಬಲ. ಆಮ್ಲದ ಬಲ ತೋರಿಸುವ ಅದರ ಪಿಕೆಎ ಬೆಲೆ ಸುಮಾರು 10. ಸುಣ್ಣಕಲ್ಲಿನಿಂದ ಇಂಗಾಲದ ಡೈಆಕ್ಸೈಡ್ ಹೊರಡಿಸುವ ಶಕ್ತಿ ಅದಕ್ಕಿಲ್ಲ. ಆದರೆ ಕಲ್ಲಿಗೆ ತಾಗದ ಈ ಆಸಿಡ್ ಚರ್ಮವನ್ನು ಸುಡುತ್ತದೆ, ಮೈಯೊಳಗೆ ಇಳಿದು ಕೊಲ್ಲಲೂಬಹುದು. ಹಾಗಾಗಿ ಇದರ ಚರಿತ್ರೆಯನ್ನು ಆಮ್ಲತೆಯ ಲೆಕ್ಕದಲ್ಲಿ ಬರೆಯಲು ಬರುವುದಿಲ್ಲ, ಶೇಕಡಾವಾರಿನ ಲೆಕ್ಕದಲ್ಲೇ ಬರೆಯಬೇಕು.

ಕಲಬುರಗಿ ಕಡೆಯ ಸೇಡಂ, ಚಿತ್ತಾಪುರ, ಶಹಾಬಾದ್, ವಾಡಿಗಳು ನಿಂತಿರುವುದು ಭೀಮಾ ಕೊಳ್ಳದ ಸುಣ್ಣಕಲ್ಲಿನ ಮೇಲೆ. ಇಲ್ಲಿನ ಗಣಿಗೂ ಸಿಮೆಂಟಿಗೂ ಅದೇ ಬಂಡವಾಳ. ಕಾರ್ಬಾಲಿಕ್ಕಿಗೂ ಸುಣ್ಣಕ್ಕೂ ಹಳೆಯ ನಂಟಿದೆ. 1834ರಲ್ಲಿ ಜರ್ಮನಿಯ ರುಂಗೆ ಕಲ್ಲಿದ್ದಲ ಟಾರಿನಿಂದ ಫೀನಾಲ್ ಬೇರ್ಪಡಿಸಿದ. ಕೆಲವು ದಶಕಗಳ ಮೇಲೆ ಇಂಗ್ಲೆಂಡಿನಲ್ಲಿ ಅದನ್ನು ಸುಣ್ಣದೊಂದಿಗೆ ಕೂಡಿಸಿದ ಮ್ಯಾಕ್‌ಡೂಗಲ್ ಪುಡಿ ಬಂತು. ಕಾರ್ಲೈಲ್ ಪಟ್ಟಣದ ಚರಂಡಿ ನೀರಿಗೆ ಕಾರ್ಬಾಲಿಕ್ ಹಾಕಿದ ಮೇಲೆ ನಾತ ತಗ್ಗಿತು, ಆ ನೀರು ಹಾಯಿಸಿದ ಹುಲ್ಲು ಮೇಯ್ದ ದನಗಳ ಜಂತುಬಾಧೆಯೂ ಇಳಿಯಿತು ಎಂಬ ಸುದ್ದಿ ಗ್ಲಾಸ್ಗೋದ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಕಿವಿಗೆ ಬಿತ್ತು. 1865ರ ಆಗಸ್ಟ್ 12ರಂದು, ಗಾಡಿಯ ಚಕ್ರ ಹರಿದು ಕಾಲು ಮುರಿದುಕೊಂಡಿದ್ದ 11 ವರ್ಷದ ಹುಡುಗನ ಗಾಯಕ್ಕೆ ಆತ ಕಾರ್ಬಾಲಿಕ್ಕಿನಲ್ಲಿ ಅದ್ದಿದ ಬಟ್ಟೆ ಕಟ್ಟಿದ. ಗಾಯ ಕೀವಾಗಲಿಲ್ಲ. ಆದರೆ ಸುತ್ತಲ ಚರ್ಮ ಕಿತ್ತುಬಂತು. ಹಾಗಾಗಿ ಲಿಸ್ಟರ್ ನೀರು, ಎಣ್ಣೆ ಬೆರೆಸುತ್ತ ಹೋದ. ಕೊನೆಗೆ 20ಕ್ಕೆ 1, 40ಕ್ಕೆ 1 ಎಂಬ ಅಳತೆಗಳು ಆಸ್ಪತ್ರೆಗಳಲ್ಲಿ ನೆಲೆನಿಂತವು.

ಸುಣ್ಣದ ನಂಟಿನಲ್ಲಿ ಒಂದು ತೊಡಕೂ ಇದೆ. ಕ್ಷಾರದಲ್ಲಿ ಫೀನಾಲ್ ಫಿನೇಟ್ ಲವಣವಾಗುತ್ತದೆ, ಲವಣಕ್ಕೆ ಕ್ರಿಮಿ ಕೊಲ್ಲುವ ಕಸುವು ಕಡಿಮೆ. ಈಗಷ್ಟೇ ಸುಣ್ಣ ಬಳಿದ ಗೋಡೆಗೆ ಕಾರ್ಬಾಲಿಕ್ ಎರಚಿದರೆ ಅರ್ಧ ಔಷಧ ದಂಡ.

ಮುಂಬೈ ಕಡೆಯ ರೈಲು ಶಹಾಬಾದ್, ವಾಡಿ ದಾಟಿ ರಾಯಚೂರು ಮುಟ್ಟಿದ್ದು 1871ರಲ್ಲಿ. ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಸಿಕಂದರಾಬಾದಿಗೆ ನಿಜಾಮರ ಹಳಿ ಬಿದ್ದದ್ದು 1874ರಲ್ಲಿ. 1896ರಲ್ಲಿ ಮುಂಬೈಯಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಹೈದರಾಬಾದಿನ ರೈಲು ವಾಡಿಯ ಮೂಲಕವೇ ಸಾಗುತ್ತಿತ್ತು. ಮುಂಬೈಯಲ್ಲಿ ಮನೆಮನೆಗೆ ಕಾರ್ಬಾಲಿಕ್ ಸುರಿದರು. ಇಲಿ ಮತ್ತು ಚಿಗಟದಿಂದ ಹರಡುವ ರೋಗಕ್ಕೆ ನೆಲ ತೊಳೆದು ಆದ ಪ್ರಯೋಜನ ಅಷ್ಟಕ್ಕಷ್ಟೆ. ಫೀನಾಲ್ ನಿಜವಾಗಿ ಕೆಲಸಕ್ಕೆ ಬಂದದ್ದು ಕಣ್ಣಿಗೆ ಕಾಣದ ಜಾಗದಲ್ಲಿ: ವಿಜ್ಞಾನಿ ಹಾಫ್‌ಕಿನ್ 1897ರ ಜನವರಿ 10ರಂದು ತನ್ನ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದ ಪ್ಲೇಗ್ ಲಸಿಕೆ ಕೆಡದಂತೆ ಕಾಯುತ್ತಿದ್ದದ್ದು ಶೇ 0.5 ಕಾರ್ಬಾಲಿಕ್. 1898ರಲ್ಲಿ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಆ ಲಸಿಕೆ ಹಾಕಿಸಿಕೊಂಡರು. ಮುಂದೆ ಬೇಗ ಬೇಗ ತಯಾರಿಸುವ ಒತ್ತಡದಲ್ಲಿ ಕಾರ್ಬಾಲಿಕ್ ಕೈಬಿಟ್ಟು ಬರಿಯ ಕಾವನ್ನೇ ನೆಚ್ಚಿಕೊಂಡ ವಿಧಾನ ಬಂತು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ ಒಂದೇ ಬಾಟಲಿಯಿಂದ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿಗೆ ಬಲಿಯಾದರು. ಬಾಟಲಿ ತೆರೆಯುವಾಗ ಇಕ್ಕಳ ನೆಲಕ್ಕೆ ಬಿದ್ದಿತ್ತೆಂಬುದು ತಡವಾಗಿ ಹೊರಬಿತ್ತು. ಸಾವುಗಳ ಹೊಣೆ ಹಾಫ್‌ಕಿನ್ ತಲೆಗೆ ಬಿದ್ದಿತ್ತು; ಆ ಕಳಂಕ ತೊಳೆದುಹೋಗಲು 1907 ಬರಬೇಕಾಯಿತು.

ಹುಚ್ಚುನಾಯಿ ಕಡಿದರೆ ಹೊಟ್ಟೆಗೆ 14 ಇಂಜೆಕ್ಷನ್ ಎಂಬ ಭಯ ಈ ಭಾಗದ ಹಿರಿಯರಿಗೆ ಚೆನ್ನಾಗಿ ಗೊತ್ತು. 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ ಆ ಲಸಿಕೆ ಕುರಿಯ ಮಿದುಳಿನಲ್ಲಿ ಬೆಳೆಸಿದ ವೈರಸ್ಸನ್ನು ಫೀನಾಲಿನಿಂದ ಕೊಂದು ಮಾಡಿದ್ದು. ಕೆಲವರಿಗೆ ಪಾರ್ಶ್ವವಾಯು ಬಡಿದದ್ದು ಮಿದುಳಿನ ಅಂಶದಿಂದ, ಫೀನಾಲಿನಿಂದಲ್ಲ. 2000ರ ದಶಕದ ಮಧ್ಯದವರೆಗೂ ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ನಡೆಯಿತು. ಹಾವು ಬರದಿರಲೆಂದು ಮನೆಯ ಸುತ್ತ ಕಾರ್ಬಾಲಿಕ್ ಚಿಮುಕಿಸುವ ರೂಢಿಯೂ ಇದೆ. ಅದಕ್ಕೆ ಗಟ್ಟಿ ಪುರಾವೆ ಇಲ್ಲ.

ಇನ್ನು ಫಿನಾಯಿಲ್. ಕಪ್ಪು ಫಿನಾಯಿಲ್ ಟಾರಿನ ಆಮ್ಲಗಳನ್ನು ಸಾಬೂನಿನಲ್ಲಿ ಹಿಡಿದಿಟ್ಟ ದ್ರವ. ಅದರ ಬಲವನ್ನು ಫೀನಾಲಿನೊಂದಿಗೆ ಹೋಲಿಸಿ ಅಳೆಯುವ ರೀಡಿಯಲ್–ವಾಕರ್ ಅಂಕ 1903ರದು. ನೀರಿಗೆ ಬಿದ್ದೊಡನೆ ಅದು ಹಾಲಿನಂತೆ ಬಿಳುಪಾಗಬೇಕು. ಸುಣ್ಣಕಲ್ಲಿನ ನೆಲದ ಗಡಸು ಬೋರ್ ನೀರಿನಲ್ಲಿ ಸಾಬೂನು ಒಡೆದು ಗಸಿಯಾಗುತ್ತದೆ, ಎಣ್ಣೆ ಮೇಲೆ ತೇಲುತ್ತದೆ; ವಾಸನೆ ಇದ್ದರೂ ಕೆಲಸ ಅರೆಬರೆ. ಬಿಳಿ ಫಿನಾಯಿಲಿನ ಕಥೆಯೇ ಬೇರೆ, ಅದು ಸಾಮಾನ್ಯವಾಗಿ ಪೈನ್ ಎಣ್ಣೆಯಿಂದ ಮಾಡಿದ್ದು.

ಶುದ್ಧ ಫೀನಾಲ್ ಸುಮಾರು 41 ಡಿಗ್ರಿಗೆ ಕರಗುತ್ತದೆ. ಕಲಬುರಗಿ ಕಡೆಯ ಮೇ ತಿಂಗಳ ಮಧ್ಯಾಹ್ನ ಪ್ರಯೋಗಶಾಲೆಯ ಬಾಟಲಿಯಲ್ಲಿನ ಹರಳು ತಾನೇ ನೀರಾಗಿರಬಹುದು, ಮುಚ್ಚಳ ತೆಗೆಯುವವರು ಅದನ್ನು ನೆನಪಿಡಬೇಕು. ತೆಳು ದ್ರಾವಣ ನಿರಪಾಯ ಎಂಬುದೂ ಪೂರ್ತಿ ನಿಜವಲ್ಲ. ಶೇ 5ಕ್ಕಿಂತ ಕಡಿಮೆಯ ಕಾರ್ಬಾಲಿಕ್ಕಿನಲ್ಲಿ ನೆನೆಸಿದ ಪಟ್ಟಿಯನ್ನು ಬೆರಳಿಗೆ ಬಿಗಿದು ಗಂಟೆಗಟ್ಟಲೆ ಬಿಟ್ಟು ಬೆರಳೇ ಕೊಳೆತ ಎಷ್ಟೋ ಪ್ರಕರಣಗಳನ್ನು 19ನೇ ಶತಮಾನದ ವೈದ್ಯರು ಬರೆದಿಟ್ಟಿದ್ದಾರೆ. ಫೀನಾಲ್ ಮೊದಲು ಜಾಗವನ್ನು ಮರಗಟ್ಟಿಸುತ್ತದೆ. ನೋವಿಲ್ಲದ ಕಾರಣ ರೋಗಿ ಪಟ್ಟಿ ಬಿಚ್ಚುವುದಿಲ್ಲ. ಎತ್ತಿನ ಹುಳಬಿದ್ದ ಗಾಯಕ್ಕೆ ನೀರು ಬೆರೆಸದ ಫಿನಾಯಿಲ್ ಸುರಿಯುವಾಗಲೂ ಇದೇ ಆಗುತ್ತದೆ: ಹುಳದ ಜೊತೆ ಜೀವಂತ ಮಾಂಸವೂ ಸಾಯುತ್ತದೆ. ಮೈಮೇಲೆ ಗಟ್ಟಿ ದ್ರವ ಬಿದ್ದರೆ ನೆನೆದ ಬಟ್ಟೆ ಕಳಚಿ ಧಾರಾಳವಾಗಿ ನೀರು ಸುರಿಯಬೇಕು. ಒದ್ದೆ ಬಟ್ಟೆಯಿಂದ ಒರೆಸಿದರೆ ವಿಷ ಇನ್ನಷ್ಟು ಚರ್ಮಕ್ಕೆ ಹರಡುತ್ತದೆ. ಯಾರಾದರೂ ಕುಡಿದಿದ್ದರೆ ವಾಂತಿ ಮಾಡಿಸದೆ, ಬಾಟಲಿಯ ಸಮೇತ ಆಸ್ಪತ್ರೆಗೆ ಒಯ್ಯಬೇಕು.