ಲಾರಿ ಡ್ರೈವರುಗಳು ಮುಷ್ಕರ ಗೆಲ್ಲಬಹುದಾ? ಮಿನಿಯಾಪೊಲಿಸ್‌ನ ಒಂದು ಹಳೇ ಕಥೆ

ಲಾರಿ ಮುಷ್ಕರ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಟೊಮ್ಯಾಟೊ ರೇಟು. ಎರಡು ದಿನ ಟಿವಿಯಲ್ಲಿ ಹೆದ್ದಾರಿ ಪಕ್ಕ ಸಾಲಾಗಿ ನಿಂತ ಲಾರಿಗಳನ್ನು ತೋರಿಸ್ತಾರೆ. ಮೂರನೇ ದಿನ ತರಕಾರಿ ತುಟ್ಟಿ. ನಾಲ್ಕನೇ ದಿನ ಮಂತ್ರಿಗಳ ಜೊತೆ ಮಾತುಕತೆ. ಆಮೇಲೆ ಮುಷ್ಕರ ವಾಪಸ್. ಯಾರಿಗೆ ಏನು ಸಿಕ್ಕಿತು ಅಂತ ನಾವ್ಯಾರೂ ವಿಚಾರಿಸೋಕೆ ಹೋಗಲ್ಲ. ಇನ್ನೂ ಮುಖ್ಯವಾದ ಪ್ರಶ್ನೆಯನ್ನಂತೂ ಕೇಳೋದೇ ಇಲ್ಲ: ಮುಷ್ಕರ ಮಾಡಿದ್ದು ಲಾರಿ ಓಡಿಸುವವನಾ, ಲಾರಿ ಇಟ್ಟುಕೊಂಡವನಾ?

ನಮ್ಮಲ್ಲಿ ನಡೆದ ದೊಡ್ಡ ಲಾರಿ ಮುಷ್ಕರಗಳಲ್ಲಿ ಹೆಚ್ಚಿನವು ಮಾಲೀಕರ ಮುಷ್ಕರಗಳು. 2018ರ ಜುಲೈನಲ್ಲಿ ಎಂಟು ದಿನ ದೇಶದಾದ್ಯಂತ ಲಾರಿ ನಿಂತಾಗ ಮುಖ್ಯ ಬೇಡಿಕೆಗಳು ಡೀಸೆಲ್ ಬೆಲೆ, ಟೋಲ್, ಇನ್ಶೂರೆನ್ಸ್ ಪ್ರೀಮಿಯಂ. 2025ರ ಏಪ್ರಿಲ್‌ನಲ್ಲಿ ಕರ್ನಾಟಕದ ಲಾರಿ ಮಾಲೀಕರು ಮುಷ್ಕರಕ್ಕೆ ಇಳಿದಾಗಲೂ ಡೀಸೆಲ್ ಬೆಲೆಯೇ ದೊಡ್ಡ ವಿಷಯ. ಇವೆಲ್ಲ ನ್ಯಾಯವಾದ ಬೇಡಿಕೆಗಳೇ ಇರಬಹುದು, ನಾನು ಇಲ್ಲ ಅನ್ನಲ್ಲ. ಆದರೆ ಡ್ರೈವರಿನ ಸಂಬಳ, ಅವನ ನಿದ್ದೆ, ಅವನ ಕೆಲಸದ ಗಂಟೆ, ಇವು ಪಟ್ಟಿಯ ಮೇಲ್ಭಾಗಕ್ಕೆ ಬಂದದ್ದಿಲ್ಲ.

ಹಾಗಾದ್ರೆ ಡ್ರೈವರುಗಳೇ ಸೇರಿ ಮುಷ್ಕರ ಮಾಡಿ ಗೆಲ್ಲೋದು ಸಾಧ್ಯವಾ? ಯೋಚಿಸಿದರೆ ಕಷ್ಟ ಅನ್ನಿಸುತ್ತೆ. ಕಾರ್ಖಾನೆಗೆ ಒಂದು ಗೇಟ್ ಇರುತ್ತೆ, ಶಿಫ್ಟ್ ಮುಗಿದ ಮೇಲೆ ಎಲ್ಲರೂ ಅಲ್ಲಿ ಸಿಗ್ತಾರೆ. ಡ್ರೈವರುಗಳಿಗೆ ಗೇಟೇ ಇಲ್ಲ. ಒಬ್ಬ ಹುಬ್ಬಳ್ಳಿಯಲ್ಲಿ, ಇನ್ನೊಬ್ಬ ಕೃಷ್ಣಗಿರಿಯಲ್ಲಿ. ಎರಡನೆಯದು, ಒಬ್ಬ ಮಾಲೀಕ ಅಂತ ಇಲ್ಲ, ಎರಡು ಮೂರು ಲಾರಿ ಇರೋ ಸಾವಿರಾರು ಮಾಲೀಕರು. ಮೂರನೆಯದು, ಸ್ಟೇರಿಂಗ್ ಹಿಡಿಯೋಕೆ ಇನ್ನೊಬ್ಬ ಯಾವಾಗಲೂ ಸಿಗ್ತಾನೆ. ಇಷ್ಟೆಲ್ಲ ಅಡ್ಡಿ ಇದ್ದೂ ಒಂದು ಊರಿನ ಡ್ರೈವರುಗಳು ಗೆದ್ದ ಕಥೆ ಇದು. ಗೆದ್ದ ರೀತಿ ನಮಗೆ ಇವತ್ತಿಗೂ ಕಲಿಯೋಕೆ ಯೋಗ್ಯವಾಗಿದೆ ಅನ್ನಿಸಿ ಬರೀತಿದ್ದೀನಿ.

ಊರು ಮಿನಿಯಾಪೊಲಿಸ್. ನಮ್ಮ ಸಾಫ್ಟ್‌ವೇರ್ ಮಂದಿಗೆ ಅದು ಟಾರ್ಗೆಟ್ ಕಂಪನಿಯ ಹೆಡ್ಡಾಫೀಸ್ ಇರೋ ಊರು, ಪ್ರಾಜೆಕ್ಟ್ ಮೇಲೆ ಹೋದವರು ಹಿಮದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳೋ ಊರು. 1934ರಲ್ಲಿ ಅದು ಸುತ್ತಲಿನ ಗೋಧಿ ನಾಡಿಗೆಲ್ಲ ದೊಡ್ಡ ಮಂಡಿ. ಆರ್ಥಿಕ ಕುಸಿತದ ಕಾಲ, ಎಲ್ಲಿ ನೋಡಿದರೂ ನಿರುದ್ಯೋಗ. ಡ್ರೈವರುಗಳು ವಾರಕ್ಕೆ 54ರಿಂದ 90 ಗಂಟೆ ದುಡಿಯುತ್ತಿದ್ದರು. ಊರಿನ ಉದ್ಯಮಿಗಳದ್ದು 'ಸಿಟಿಜನ್ಸ್ ಅಲಯನ್ಸ್' ಅಂತ ಒಂದು ಕೂಟ. ಊರಿನಲ್ಲಿ ಕಾರ್ಮಿಕ ಸಂಘ ತಲೆ ಎತ್ತದ ಹಾಗೆ ನೋಡಿಕೊಳ್ಳೋದೇ ಅದರ ಕೆಲಸ, ಮತ್ತು ಸುಮಾರು ಮೂವತ್ತು ವರ್ಷ ಆ ಕೆಲಸವನ್ನು ಚೆನ್ನಾಗಿಯೇ ಮಾಡಿತ್ತು.

ಡ್ರೈವರುಗಳ ಸಂಘದ ಹೆಸರು ಟೀಮ್‌ಸ್ಟರ್ಸ್. ಕುದುರೆ ಜೋಡಿ ಕಟ್ಟಿ ಗಾಡಿ ಹೊಡೆಯುವವರಿಗೆ ಇದ್ದ ಹೆಸರು ಅದು. ಲಾರಿ ಬಂದ ಮೇಲೂ ಹಾಗೇ ಉಳಿಯಿತು. ಅವರ ಲಾಂಛನದಲ್ಲಿ ಈಗಲೂ ಎರಡು ಕುದುರೆ ತಲೆಗಳಿವೆ. ಇದರ ಮಿನಿಯಾಪೊಲಿಸ್ ಘಟಕ, ಲೋಕಲ್ 574, ಶುರುವಿನಲ್ಲಿ ಇನ್ನೂರು ಸದಸ್ಯರೂ ಇಲ್ಲದ ಪುಟ್ಟ ಸಂಘ. ಅದರೊಳಗೆ ಕಲ್ಲಿದ್ದಲು ಡಿಪೋಗಳಲ್ಲಿ ಕೆಲಸ ಮಾಡುತ್ತಿದ್ದ ಕೆಲವರು ಸೇರಿಕೊಂಡರು: ಕಾರ್ಲ್ ಸ್ಕೋಗ್ಲಂಡ್, ಡನ್ ಸಹೋದರರು (ವಿನ್ಸೆಂಟ್, ಮೈಲ್ಸ್, ಗ್ರಾಂಟ್), ಆಮೇಲೆ ಇಪ್ಪತ್ತಾರರ ಹುಡುಗ ಫ್ಯಾರೆಲ್ ಡಾಬ್ಸ್. ಸಿದ್ಧಾಂತದಲ್ಲಿ ಇವರು ಟ್ರಾಟ್‌ಸ್ಕಿವಾದಿಗಳು. ಆದರೆ ಅವರು ಕೆಲಸ ಶುರು ಮಾಡಿದ್ದು ಒಂದು ಸರಳ ಲೆಕ್ಕದಿಂದ: ಈ ಊರಿನಲ್ಲಿ ಯಾವುದು ನಿಂತರೆ ಎಲ್ಲರಿಗೂ ಬೇಗ ಬಿಸಿ ಮುಟ್ಟುತ್ತೆ? ಉತ್ತರ ಕಲ್ಲಿದ್ದಲು. ಮನೆ ಬೆಚ್ಚಗಿರಬೇಕಾದರೆ ಅದು ಬೇಕೇ ಬೇಕು.

ಹಾಗಾಗಿ ಕೊರೆಯುವ ಚಳಿ ಬರೋ ತನಕ ಕಾದರು. 1934ರ ಫೆಬ್ರವರಿ 7ರಂದು ಮುಷ್ಕರ ಶುರುವಾಯಿತು. ಊರಿನ 67 ಡಿಪೋಗಳಲ್ಲಿ 65 ಮೂರು ಗಂಟೆಯೊಳಗೆ ಬಂದ್. ಟೀಮ್‌ಸ್ಟರ್ಸ್‌ನ ರಾಷ್ಟ್ರೀಯ ಅಧ್ಯಕ್ಷ ಡೇನಿಯಲ್ ಟೋಬಿನ್ ಒಪ್ಪಿಗೆಯನ್ನೇ ಕೊಟ್ಟಿರಲಿಲ್ಲ. ಆದರೂ ಮೂರೇ ದಿನದಲ್ಲಿ ಮಾಲೀಕರು ಮಾತಿಗೆ ಬಂದರು. ಸುದ್ದಿ ಹಬ್ಬಿತು, ಊರಿನ ಡ್ರೈವರುಗಳು, ಹೆಲ್ಪರುಗಳು, ಗೋದಾಮಿನ ಹಮಾಲಿಗಳು ಸಾವಿರಗಟ್ಟಲೆ ಬಂದು ಸದಸ್ಯರಾದರು.

ಇಲ್ಲಿ ಒಂದು ವಿಷಯ ಗಮನಿಸಿ. ಗೋದಾಮಿನೊಳಗೆ ಮೂಟೆ ಹೊರುವವರನ್ನೂ ಇವರು ಸೇರಿಸಿಕೊಂಡರು. "ಇದು ಡ್ರೈವರ್ ಸಂಘ, ಅವರ್ಯಾಕೆ?" ಅನ್ನೋದು ಮಾಲೀಕರ ತಕರಾರು; ಹಳೇ ಸಂಘಟನೆಯ ಪದ್ಧತಿಯೂ ಹಾಗೇ ಇತ್ತು. ಆದರೆ ಡ್ರೈವರ್ ಒಬ್ಬನೇ ನಿಂತರೆ ಬದಲಿಗೆ ಇನ್ನೊಬ್ಬ ಬರ್ತಾನೆ. ಲೋಡ್ ಮಾಡೋನೂ ನಿಂತರೆ, ಬಂದವನಿಗೆ ಒಯ್ಯೋಕೆ ಏನೂ ಇರಲ್ಲ. ಮುಂದಿನ ಜಗಳವೆಲ್ಲ ಈ ಒಂದು ವಿಷಯದ ಮೇಲೇ ನಡೆಯಿತು.

ಮೇ 16ಕ್ಕೆ ಊರಿನ ಎಲ್ಲ ಸರಕು ಸಾಗಣೆಯೂ ನಿಂತಿತು. ಇದಕ್ಕಾಗಿ ಅವರು ಮಾಡಿಕೊಂಡ ತಯಾರಿ ನೋಡಿ. ಒಂದು ದೊಡ್ಡ ಗ್ಯಾರೇಜು ಬಾಡಿಗೆಗೆ ಹಿಡಿದರು. ಅದರಲ್ಲಿ ಸಾವಿರಾರು ಜನಕ್ಕೆ ಅಡುಗೆ, ಗಾಯವಾದವರಿಗೆ ಪುಟ್ಟ ಆಸ್ಪತ್ರೆ, ವಾಹನ ರಿಪೇರಿಗೆ ಮೆಕ್ಯಾನಿಕ್ಕುಗಳು. ಫೋನ್ ಹಿಡಿದು ಕೂತ ಡಿಸ್ಪ್ಯಾಚರುಗಳು. ಎಲ್ಲಾದರೂ ಲಾರಿ ಹೊರಟಿತು ಅಂತ ಗೊತ್ತಾದ ಕೂಡಲೇ ಕಾರುಗಳಲ್ಲಿ ತಂಡ ಹೊರಡುತ್ತಿತ್ತು. ಗೇಟ್ ಇಲ್ಲದ ಕೆಲಸಕ್ಕೆ ಇದು ಅವರು ಕಂಡುಕೊಂಡ ಉಪಾಯ: ಗೇಟ್ ಮುಂದೆ ಕೂರೋ ಬದಲು ಊರೆಲ್ಲ ತಿರುಗಾಡೋ ಪಿಕೆಟಿಂಗ್. ಅಡುಗೆ, ಆಸ್ಪತ್ರೆ, ಆಫೀಸು ಕೆಲಸದಲ್ಲಿ ಡ್ರೈವರುಗಳ ಮನೆ ಹೆಂಗಸರದ್ದು ದೊಡ್ಡ ಪಾಲು. ಕ್ಲಾರಾ ಡನ್, ಮಾರ್ವೆಲ್ ಶೋಲ್ ಇಬ್ಬರೂ ಮಹಿಳಾ ಘಟಕವನ್ನು ಕಟ್ಟಿದರು. ಮುಷ್ಕರ ಮುರಿಯೋದು ಎಷ್ಟೋ ಸಲ ಮನೆಯೊಳಗಿಂದ, ಒಲೆ ಉರಿಯದಾಗ. ಅದು ಇವರಿಗೆ ಮೊದಲೇ ಗೊತ್ತಿತ್ತು. ನಿರುದ್ಯೋಗಿಗಳನ್ನೂ ಬಿಡಲಿಲ್ಲ; ಅವರನ್ನೂ ಸಂಘಟಿಸಿ, ಅವರ ಪರವಾಗಿಯೂ ಹೋರಾಡಿ, ಬದಲಿ ಡ್ರೈವರುಗಳಾಗಿ ಬರಬೇಕಾಗಿದ್ದವರನ್ನೇ ತಮ್ಮ ಸಾಲಿನಲ್ಲಿ ನಿಲ್ಲಿಸಿಕೊಂಡರು.

ರೈತರ ವಿಷಯವಂತೂ ನನಗೆ ತುಂಬಾ ಇಷ್ಟ. ಊರಿಗೆ ಬರೋ ಎಲ್ಲ ದಾರಿ ಮುಚ್ಚಿದರೆ ರೈತನ ತರಕಾರಿ ಕೊಳೆಯುತ್ತೆ, ರೈತ ತಿರುಗಿ ಬೀಳ್ತಾನೆ. ಹಾಗಂತ ಬಿಟ್ಟರೆ ಮಂಡಿ ತೆರೆದ ಹಾಗಾಯಿತು. ಇವರು ಮಾಡಿದ್ದು: ರೈತ ಊರೊಳಗೆ ಬರಬಹುದು, ಆದರೆ ಮಂಡಿಗೆ ಹೋಗದೆ ನೇರ ದಿನಸಿ ಅಂಗಡಿಗೆ ಮಾಲು ಕೊಡಬೇಕು. ರೈತನಿಗೂ ನಷ್ಟ ಇಲ್ಲ, ಊರಿಗೂ ಊಟ ಸಿಗ್ತು, ಮಂಡಿ ಮಾತ್ರ ಖಾಲಿ. ನಮ್ಮ ಯಶವಂತಪುರದ ಯಾರ್ಡ್ ಮುಚ್ಚಿ, ರೈತರ ಟೆಂಪೋಗಳು ನೇರ ಮಲ್ಲೇಶ್ವರದ ಅಂಗಡಿಗಳಿಗೆ ಹೋದ ಹಾಗೆ ಅಂದುಕೊಳ್ಳಿ. ಏನನ್ನು ನಿಲ್ಲಿಸಬೇಕು ಅನ್ನೋದಕ್ಕಿಂತ ಏನನ್ನು ಬಿಡಬೇಕು ಅನ್ನೋದರಲ್ಲಿ ಅವರ ಜಾಣತನ ಇತ್ತು.

ಇದೆಲ್ಲ ಹೂವಿನ ಹಾದಿ ಆಗಿರಲಿಲ್ಲ. ಮೇ ತಿಂಗಳಲ್ಲಿ ಪಿಕೆಟಿಂಗ್ ಮಾಡುತ್ತಿದ್ದವರನ್ನು, ಹೆಂಗಸರನ್ನೂ ಸೇರಿಸಿ, ಒಂದು ಓಣಿಯಲ್ಲಿ ಹಿಡಿದು ಬಡಿದರು. ಮೇ 21 ಮತ್ತು 22ರಂದು ಮಾರುಕಟ್ಟೆಯಲ್ಲಿ ದೊಣ್ಣೆ ಹಿಡಿದ ದೊಡ್ಡ ಹೊಡೆದಾಟ. ಉದ್ಯಮಿಗಳ ಕಡೆಯಿಂದ ವಿಶೇಷ ಪೊಲೀಸರಾಗಿ ಬಂದಿದ್ದವರಲ್ಲಿ ಇಬ್ಬರು ಸತ್ತರು. ಅದನ್ನು ಮುಚ್ಚಿಟ್ಟು ಕಥೆ ಹೇಳೋದು ಸರಿಯಲ್ಲ. ತಿಂಗಳ ಕೊನೆಗೆ ಒಪ್ಪಂದವಾಯಿತು, ಆದರೆ ಗೋದಾಮಿನವರು ಅದರಲ್ಲಿ ಸೇರ್ತಾರೋ ಇಲ್ಲವೋ ಅನ್ನೋದನ್ನು ಅಸ್ಪಷ್ಟವಾಗಿ ಬರೆದಿದ್ದರು. ಮಾಲೀಕರು ಇಲ್ಲ ಅಂದರು. ಜುಲೈ ಮಧ್ಯದಲ್ಲಿ ಮತ್ತೆ ಮುಷ್ಕರ.

ಜುಲೈ 20, ಶುಕ್ರವಾರ. ಪೊಲೀಸ್ ಕಾವಲಿನಲ್ಲಿ ಒಂದು ಲಾರಿ ಹೊರಟಿತು. ಪಿಕೆಟಿಂಗ್‌ನವರು ತಮ್ಮ ವಾಹನ ಅಡ್ಡ ತಂದರು. ಪೊಲೀಸರು ಗುಂಡು ಹಾರಿಸಿದರು. 67 ಜನಕ್ಕೆ ಗಾಯ, ಇಬ್ಬರ ಸಾವು: ಹೆನ್ರಿ ನೆಸ್ ಮತ್ತು ಜಾನ್ ಬೆಲರ್. ನೆಸ್ ಮೊದಲ ಮಹಾಯುದ್ಧದಲ್ಲಿ ಸೈನಿಕನಾಗಿದ್ದವನು. ಆವತ್ತು ಪಿಕೆಟಿಂಗ್‌ಗೆ ಹೋದವರ ಬಳಿ ಆಯುಧ ಇರಲಿಲ್ಲ, ಪೊಲೀಸರ ಜೀವಕ್ಕೆ ಅಪಾಯವೂ ಇರಲಿಲ್ಲ ಅಂತ ಆಮೇಲೆ ರಾಜ್ಯಪಾಲರು ನೇಮಿಸಿದ ತನಿಖಾ ಸಮಿತಿಯೇ ಹೇಳಿತು. ನೆಸ್ ಅಂತ್ಯಯಾತ್ರೆಗೆ ಹತ್ತಾರು ಸಾವಿರ ಜನ ಬಂದಿದ್ದರು.

ಜುಲೈ 26ರಂದು ರಾಜ್ಯಪಾಲ ಫ್ಲಾಯ್ಡ್ ಓಲ್ಸನ್ ಸೇನಾಡಳಿತ ಹೇರಿದರು. (ಅಲ್ಲಿ ರಾಜ್ಯಪಾಲ ಅಂದರೆ ಜನ ಆರಿಸಿದವರು, ನಮ್ಮ ಮುಖ್ಯಮಂತ್ರಿಯ ಹಾಗೆ.) ಓಲ್ಸನ್ ರೈತ-ಕಾರ್ಮಿಕ ಪಕ್ಷದವರು, ಕಾರ್ಮಿಕರ ಪರ ಅಂತಲೇ ಹೆಸರಾದವರು. ಆದರೂ ಆಗಸ್ಟ್ 1ರ ಬೆಳಗ್ಗೆ ಅವರ ಸೈನಿಕರೇ ಸಂಘದ ಆಫೀಸಿಗೆ ನುಗ್ಗಿ ನಾಯಕರನ್ನು ಬಂಧಿಸಿದರು. ಅಲ್ಲಿಗೆ ಮುಗೀಬೇಕಿತ್ತು. ಮುಗೀಲಿಲ್ಲ! ನೂರು ಜನರ ಮುಷ್ಕರ ಸಮಿತಿ ಇತ್ತು, ಯಾರ ಕೆಲಸ ಏನು ಅಂತ ಎಲ್ಲರಿಗೂ ಗೊತ್ತಿತ್ತು. ಪಿಕೆಟಿಂಗ್ ತಂಡಗಳು ಊರಿನ ಬೀದಿ ಬೀದಿಯಿಂದ ಕೆಲಸ ಮುಂದುವರಿಸಿದವು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಮೇನ್ ಸರ್ವರ್ ಕಿತ್ತು ಹಾಕಿದರೂ ಸಿಸ್ಟಂ ಬೀಳಲಿಲ್ಲ. ಓಲ್ಸನ್ ನಾಯಕರನ್ನು ಬಿಡಬೇಕಾಯಿತು. ಊರಿನ ದೊಡ್ಡ ಪತ್ರಿಕೆಗಳೆಲ್ಲ ವಿರುದ್ಧ ಬರೆಯುತ್ತಿದ್ದಾಗ ಸಂಘ 'ದಿ ಆರ್ಗನೈಸರ್' ಅನ್ನೋ ತನ್ನದೇ ದಿನಪತ್ರಿಕೆ ತರುತ್ತಿತ್ತು.

ಆಗಸ್ಟ್ 21ರ ಹೊತ್ತಿಗೆ ಮಾಲೀಕರು ಸೋತರು. ಗೋದಾಮಿನವರನ್ನೂ ಪ್ರತಿನಿಧಿಸುವ ಹಕ್ಕು, ಸಂಘ ಬೇಕೋ ಬೇಡವೋ ಅಂತ ಕಾರ್ಮಿಕರೇ ಮತ ಹಾಕುವ ಚುನಾವಣೆ, ಕನಿಷ್ಠ ಕೂಲಿ. ಕೂಲಿ ದೊಡ್ಡದೇನಲ್ಲ, ಡ್ರೈವರಿಗೆ ಗಂಟೆಗೆ ಅರ್ಧ ಡಾಲರ್. ದೊಡ್ಡದು ಏನೆಂದರೆ ಮೇಜಿನ ಆಚೆ ಕಡೆ ಡ್ರೈವರಿಗೆ ಕುರ್ಚಿ ಸಿಕ್ಕಿದ್ದು. ಮರುವರ್ಷ, 1935ರಲ್ಲಿ, ಸಂಘ ಕಟ್ಟುವ ಹಕ್ಕಿನ ವ್ಯಾಗ್ನರ್ ಕಾಯ್ದೆ ಬಂತು. 1934ರ ಇಂಥ ಕೆಲವು ಮುಷ್ಕರಗಳು ಅದಕ್ಕೆ ದಾರಿ ಮಾಡಿದ್ದವು. ಡಾಬ್ಸ್ ಮುಂದೆ ದೂರ ಓಡುವ ಲಾರಿಗಳ ಡ್ರೈವರುಗಳನ್ನೂ ಸಂಘಟಿಸಿ ಹಲವು ರಾಜ್ಯಗಳಿಗೆ ಒಂದೇ ಒಪ್ಪಂದ ಮಾಡಿಸಿದ. 1941ರಲ್ಲಿ ಇದೇ ಡಾಬ್ಸ್, ಸ್ಕೋಗ್ಲಂಡ್, ವಿನ್ಸೆಂಟ್ ಡನ್ ಸೇರಿ 18 ಜನರಿಗೆ ಸ್ಮಿತ್ ಕಾಯ್ದೆಯ ಕೆಳಗೆ ಜೈಲು ಶಿಕ್ಷೆಯಾಯಿತು ಅನ್ನೋದು ಬೇರೆ ಕಥೆ.

ಇದರ ಪಕ್ಕದಲ್ಲಿ 1974ರ ಅಮೆರಿಕವನ್ನು ಇಟ್ಟು ನೋಡಿ. ತೈಲ ಬಿಕ್ಕಟ್ಟು, ಡೀಸೆಲ್ ತುಟ್ಟಿ, ಗಂಟೆಗೆ 55 ಮೈಲಿ ವೇಗದ ಮಿತಿ. ಸ್ವಂತ ಲಾರಿ ಓಡಿಸುವವರು ಸಿಬಿ ರೇಡಿಯೋದಲ್ಲಿ ಮಾತಾಡಿಕೊಂಡೇ ಜನವರಿ ಕೊನೆಗೆ ಲಾರಿ ನಿಲ್ಲಿಸಿದರು. ಹನ್ನೊಂದು ದಿನ ದೇಶ ನಡುಗಿತು. ಸೇತುವೆಗಳ ಮೇಲಿಂದ ಓಡುವ ಲಾರಿಗಳ ಮೇಲೆ ಗುಂಡು ಹಾರಿಸಿದ್ದೂ ಆಯಿತು. ಕೊನೆಗೆ ಬಾಡಿಗೆ ಮೇಲೆ 6 ಪರ್ಸೆಂಟ್ ಹೆಚ್ಚುವರಿ ಸಿಕ್ಕಿತು. ವೇಗದ ಮಿತಿ ಹಾಗೇ ಉಳಿಯಿತು. ಎಲ್ಲರೂ ಮತ್ತೆ ತಮ್ಮ ತಮ್ಮ ದಾರಿ ಹಿಡಿದರು. ಚಕ್ರ ನಿಲ್ಲಿಸಿದ್ದರಲ್ಲಿ ಇವರು ಮಿನಿಯಾಪೊಲಿಸ್‌ನವರಿಗಿಂತ ಎಷ್ಟೋ ದೊಡ್ಡವರು, ಆದರೆ ನಿಂತ ಮೇಲೆ ಒಟ್ಟಿಗೆ ಉಳಿಯೋಕೆ ಅವರ ಹತ್ತಿರ ಏನೂ ಇರಲಿಲ್ಲ.

ಈಗ ನಮ್ಮ ಕಡೆಗೆ. 2024ರ ಜನವರಿ 1. ಹೊಸ ಭಾರತೀಯ ನ್ಯಾಯ ಸಂಹಿತೆಯ 106(2)ರಲ್ಲಿ ಅಪಘಾತ ಮಾಡಿ ಓಡಿಹೋದರೆ ಹತ್ತು ವರ್ಷದವರೆಗೂ ಜೈಲು ಅಂತ ಬಂದಿತ್ತು. ಹಳೇ ಕಾನೂನಿನಲ್ಲಿ ನಿರ್ಲಕ್ಷ್ಯದ ಸಾವಿಗೆ ಇದ್ದದ್ದು ಎರಡು ವರ್ಷ. ಏಳು ಲಕ್ಷ ದಂಡ ಅನ್ನೋ ಸುದ್ದಿ ಬೇರೆ ಹಬ್ಬಿತ್ತು, ಕಾನೂನಿನಲ್ಲಿ ಆ ಅಂಕಿ ಇರಲೇ ಇಲ್ಲ. ಹಲವು ರಾಜ್ಯಗಳಲ್ಲಿ ಡ್ರೈವರುಗಳು ತಾವಾಗೇ ಲಾರಿ ನಿಲ್ಲಿಸಿ ಇಳಿದರು. ಪೆಟ್ರೋಲ್ ಬಂಕುಗಳ ಮುಂದೆ ಕ್ಯೂ. ಎರಡನೇ ದಿನ ರಾತ್ರಿಗೆ ಸರಕಾರ, ಚರ್ಚೆ ಮಾಡದೆ ಜಾರಿ ಮಾಡಲ್ಲ ಅಂತು. ಜುಲೈ 1ಕ್ಕೆ ಸಂಹಿತೆ ಜಾರಿಯಾದಾಗ ಆ ಒಂದು ಉಪವಿಧಿಯನ್ನು ಹೊರಗಿಟ್ಟರು. ಎರಡು ದಿನಕ್ಕೆ ಇದು ಸಣ್ಣ ಗೆಲುವಲ್ಲ. ಓಡಿಹೋಗೋದು ಸರಿ ಅಂತ ನಾನು ಹೇಳ್ತಿಲ್ಲ, ನಿಂತರೆ ಜನ ಹೊಡೆದು ಸಾಯಿಸ್ತಾರೆ ಅನ್ನೋ ಅವರ ಭಯವೂ ಸುಳ್ಳಲ್ಲ.

ಆದರೆ ಆವತ್ತು ರಾತ್ರಿ ಸರಕಾರದ ಎದುರು ಕೂತು ಮಾತಾಡಿದ್ದು ಯಾರು? ಸಾಗಣೆದಾರರ ಕಾಂಗ್ರೆಸ್, ಅಂದರೆ ಲಾರಿ ಇಟ್ಟುಕೊಂಡವರ ಸಂಘಟನೆ. ಇಳಿದದ್ದು ಡ್ರೈವರ್, ಕೂತದ್ದು ಮಾಲೀಕ. ಆ ಒಂದು ವಿಷಯದಲ್ಲಿ ಇಬ್ಬರ ಹಿತವೂ ಒಂದೇ ಇತ್ತು, ಹಾಗಾಗಿ ನಡೀತು. ನಾಳೆ ಡ್ರೈವರ್ ಕೇಳೋದು ಎಂಟು ಗಂಟೆ ಕೆಲಸ ಅಂದರೆ? 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆಯಲ್ಲಿ ದಿನಕ್ಕೆ ಎಂಟು ಗಂಟೆ ಅಂತ ಬರೆದೇ ಇತ್ತು, ಐದಕ್ಕಿಂತ ಕಮ್ಮಿ ಕೆಲಸಗಾರರಿದ್ದ ಕಡೆ ಅದು ಅನ್ವಯಿಸ್ತಿರಲಿಲ್ಲ. ಎರಡು ಮೂರು ಲಾರಿ ಇರೋ ಮಾಲೀಕನ ಡ್ರೈವರಿಗೆ ಅಂಥ ಕಾಯ್ದೆ ಇದ್ದರೂ ಇಲ್ಲದ ಹಾಗೇ.

ಹಾಗಾಗಿ ನನ್ನ ಉತ್ತರ: ಗೆಲ್ಲಬಹುದು. ಲಾರಿ ನಿಲ್ಲಿಸೋದು ಅದರಲ್ಲಿ ಸುಲಭದ ಭಾಗ, ಅದನ್ನು ನಮ್ಮ ಡ್ರೈವರುಗಳು ಎರಡೇ ದಿನದಲ್ಲಿ ಮಾಡಿ ತೋರಿಸಿದ್ದಾರೆ. ಕಷ್ಟದ್ದು ಉಳಿದದ್ದು: ಒಲೆ ಉರಿಸೋದು, ಹಮಾಲಿಯನ್ನು ಸೇರಿಸಿಕೊಳ್ಳೋದು, ರೈತನನ್ನು ಬಿಡೋದು, ನಾಯಕ ಜೈಲಿಗೆ ಹೋದರೂ ನಡೆಯೋ ಹಾಗೆ ಸಂಘ ಕಟ್ಟೋದು. ಮುಂದಿನ ಸಲ ಲಾರಿ ಮುಷ್ಕರದ ಸುದ್ದಿ ಬಂದಾಗ ಟೊಮ್ಯಾಟೊ ರೇಟು ನೋಡೋ ಮೊದಲು ಮಾತುಕತೆಯ ಫೋಟೋ ನೋಡಿ. ಅದರಲ್ಲಿ ಕೂತವರಲ್ಲಿ ಡ್ರೈವರ್ ಒಬ್ಬನಾದರೂ ಇದ್ದಾನಾ ಅಂತ. ನಿಮ್ಮ ಊರಿನ ಕಡೆ ಡ್ರೈವರುಗಳದ್ದೇ ಸಂಘ ಇದ್ದರೆ, ಅದು ಏನು ಮಾಡ್ತಿದೆ ಅಂತ ಗೊತ್ತಿದ್ದರೆ, ದಯವಿಟ್ಟು ಬರೀರಿ. ಓದೋಕೆ ಕಾಯ್ತಿರ್ತೀನಿ.