ಕಾರ್ಡು, ವೀಳ್ಯ ಮತ್ತು ಕರೆಯ ಮರ್ಯಾದೆ

ವಿಸಿಟಿಂಗ್ ಕಾರ್ಡು ಇಂದು ವ್ಯಾಪಾರದ ಚೀಟಿ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಒಂದು ಮನೆಯ ಪರಿಚಯ ಕೋರುವ ಚೀಟಿಯಾಗಿತ್ತು. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಊರಿನವರು ಹೊಸಬರನ್ನು ಮೊದಲು ಕಾಣಬೇಕಿತ್ತು. ಬ್ರಿಟಿಷ್ ಭಾರತದ ದಂಡು ಪ್ರದೇಶಗಳಲ್ಲಿ ಇದು ತಲೆಕೆಳಗು: ಹೊಸದಾಗಿ ಬಂದ ಅಧಿಕಾರಿಯೇ ಮನೆಮನೆಗೆ ಹೋಗಿ ಕಾರ್ಡು ಇಟ್ಟುಬರಬೇಕು. ಗೇಟಿನಲ್ಲಿ ‘ಮನೆಯಲ್ಲಿಲ್ಲ’ ಎಂದು ಬರೆದ ಡಬ್ಬಿ ಇರುತ್ತಿತ್ತು. ಮನೆಯವರು ಒಳಗೇ ಇದ್ದರೂ ಡಬ್ಬಿಗೆ ಕಾರ್ಡು ಹಾಕಿದರೆ ಭೇಟಿ ಮುಗಿದಂತೆ. ಮೂಲೆ ಮಡಚಿದ್ದರೆ ‘ನಾನೇ ಬಂದಿದ್ದೆ’ ಎಂದರ್ಥ, ‘ಪಿ.ಪಿ.ಸಿ.’ ಎಂಬ ಫ್ರೆಂಚ್ ಮೊದಲಕ್ಷರಗಳಿದ್ದರೆ ‘ಊರು ಬಿಡುತ್ತಿದ್ದೇನೆ’ ಎಂದರ್ಥ.

ಹುಣಸೂರಿಗೂ ಆ ಲೋಕದ ನಂಟಿತ್ತು. ಮದ್ರಾಸ್ ಸೈನ್ಯಕ್ಕೆ ಚರ್ಮದ ಸಾಮಾನು ಒದಗಿಸುವ ಸರ್ಕಾರಿ ಕಾರ್ಖಾನೆ 1864ರವರೆಗೆ ಅಲ್ಲಿತ್ತು.

ಅದೇ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹಳ್ಳಿಗಳಲ್ಲಿ ಸಂಶೋಧನೆಗಾಗಿ ತಿರುಗುವಾಗ ಹಿರಿಯರ ಬಾಯಲ್ಲಿ ನಾನು ಕೇಳುವುದು ವೀಳ್ಯದ ಲೆಕ್ಕ. ಮೊದಲ ವೀಳ್ಯ ಯಾರಿಗೆ, ಯಜಮಾನರಿಗೋ ಗೌಡರಿಗೋ? ಕ್ರಮ ತಪ್ಪಿದರೆ ಚಪ್ಪರದಲ್ಲೇ ಜಗಳ. ಮದುವೆಗೆ ಗಂಡಹೆಂಡಿರು ಮನೆಗೆ ಬಂದು, ಹೆಂಗಸರಿಗೆ ಅರಿಸಿನ ಕುಂಕುಮ ಕೊಟ್ಟು ಕರೆಯಬೇಕು. ಪಕ್ಕದ ಮನೆಯಲ್ಲಿ ಲಗ್ನಪತ್ರಿಕೆ ಕೊಟ್ಟುಹೋದರೆ ಅದು ಕರೆದಂತಲ್ಲ. ಸಾಹೇಬರ ಕಾರ್ಡು ಮುಖ ನೋಡದೆ ಮರ್ಯಾದೆ ತೀರಿಸುವ ಉಪಾಯ. ವೀಳ್ಯಕ್ಕೆ ಮುಖ ಬೇಕೇ ಬೇಕು.

ಹಾಗೆಂದು ವೀಳ್ಯವೇ ಮೇಲು ಎನ್ನಲು ನನಗೆ ಬಾಯಿ ಬಾರದು. ದಲಿತ ಕೇರಿಯ ಬಾಗಿಲಿಗೆ ಮೇಲ್ಜಾತಿಯವರು ಹೋಗಿ ಕರೆಯುವ ರೂಢಿ ಇರಲಿಲ್ಲ. ಹೇಳಿ ಕಳಿಸಿದರೆ ಸಾಕು; ಕೇರಿಯವರು ಬಂದು ತಮಟೆ ಬಡಿಯಬೇಕು, ದುಡಿಯಬೇಕು, ಊಟಕ್ಕೆ ಹೊರಗೆ ಕೂರಬೇಕು. ವೀಳ್ಯದ ಕ್ರಮದಲ್ಲಿ ಅವರಿಗೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಸಾಹೇಬರ ಡಬ್ಬಿಯಲ್ಲಿ ಆಳುಗಳ ಹೆಸರೂ ಬೀಳುತ್ತಿರಲಿಲ್ಲ. ಕಾರ್ಡು ಎತ್ತಿ ಒಳಗೆ ಒಯ್ಯುವ ಕೆಲಸ ಮಾತ್ರ ಅವರದು.

ಈಗ ಲಗ್ನಪತ್ರಿಕೆ ವಾಟ್ಸಾಪಿನಲ್ಲೇ ಬರುತ್ತದೆ. ಇದನ್ನೇ ಖುದ್ದು ಕರೆಯೆಂದು ತಿಳಿಯಿರಿ ಎಂಬ ಕೋರಿಕೆಯೂ ಜೊತೆಗಿರುತ್ತದೆ. ಹಿರಿಯರು ಇದನ್ನು ಮರ್ಯಾದೆಗೇಡು ಎನ್ನುತ್ತಾರೆ. ಆದರೆ ತಾತನ ಕಾಲದಿಂದ ಬಾಗಿಲಿಗೆ ಕರೆ ಬಾರದ ಕೇರಿಯ ಹುಡುಗನ ಫೋನಿಗೂ ಈಗ ಅದೇ ಪತ್ರಿಕೆ ಬರಬಹುದು. ಹೋದಾಗ ಅವನನ್ನು ಯಾವ ಪಂಕ್ತಿಯಲ್ಲಿ ಕೂರಿಸುತ್ತಾರೆ ಎಂಬುದು ಮಾತ್ರ ಪತ್ರಿಕೆಯಲ್ಲಿ ಬರೆದಿರುವುದಿಲ್ಲ.