ದ್ವೀಪ ಬಿಡಲೊಲ್ಲದ ಅಧ್ಯಕ್ಷ

ನೌರು ಅಂದರೆ ನಮಗೆ ಗೊತ್ತಿರೋದು ಒಂದೇ ಕಥೆ: ದಿಢೀರ್ ಶ್ರೀಮಂತವಾಗಿ, ಆಮೇಲೆ ದಿವಾಳಿಯಾದ ಪೆಸಿಫಿಕ್ ದ್ವೀಪ. ದುಂದುಗಾರರ ಕಥೆ ಅಂತ ನಗೋದು ಸುಲಭ. ಹ್ಯಾಮರ್ ಡೆರೋಬರ್ಟ್ ಬಗ್ಗೆ ಓದಿದ ಮೇಲೆ ನನಗೆ ಆ ನಗು ಬರುತ್ತಿಲ್ಲ.

ಬರೀ 21 ಚದರ ಕಿಲೋಮೀಟರಿನ ದ್ವೀಪ, ಅದರ ನಡುವೆ ಫಾಸ್ಫೇಟ್. ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೇರಿ ಅದನ್ನು ಅಗೆದು ಅಗ್ಗದ ಗೊಬ್ಬರ ಮಾಡಿಕೊಂಡವು. 1922ರಲ್ಲಿ ಹುಟ್ಟಿದ ಡೆರೋಬರ್ಟ್ ಮೇಷ್ಟ್ರಾಗಿದ್ದವರು. ಎರಡನೇ ಮಹಾಯುದ್ಧದಲ್ಲಿ ಜಪಾನೀಯರು 1,200 ನೌರು ಜನರನ್ನು ಚೂಕ್ ದ್ವೀಪಗಳಿಗೆ ಸಾಗಿಸಿದಾಗ ಅವರೂ ಹೋಗಬೇಕಾಯಿತು. 1946ರ ಜನವರಿ 31ರಂದು ಜೀವಂತ ಮರಳಿದವರು 737 ಮಂದಿ.

1956ರಲ್ಲಿ ಡೆರೋಬರ್ಟ್ ದ್ವೀಪದ ಮುಖ್ಯ ನಾಯಕರಾದರು. ಗಣಿ ಮುಗಿದ ಮೇಲೆ ಈ ಜನ ಎಲ್ಲಿರಬೇಕು ಅನ್ನೋ ಪ್ರಶ್ನೆಗೆ ಆಸ್ಟ್ರೇಲಿಯಾದ ಬಳಿ ಒಂದು ಉತ್ತರವಿತ್ತು: ಕ್ವೀನ್ಸ್‌ಲೆಂಡ್ ತೀರದ ಕರ್ಟಿಸ್ ದ್ವೀಪಕ್ಕೆ ಬನ್ನಿ, ನಮ್ಮ ಪ್ರಜೆಗಳಾಗಿ. ಅಲ್ಲಿ ಹೋದರೆ ಪ್ರತ್ಯೇಕ ಜನಾಂಗವಾಗಿ ತಮ್ಮನ್ನು ತಾವೇ ಆಳಿಕೊಳ್ಳೋಕೆ ಆಗಲ್ಲ ಅಂತ ಗೊತ್ತಾದಾಗ, 1964ರಲ್ಲಿ ನೌರು ‘ಬೇಡ’ ಅಂದಿತು.

ಸ್ವಾತಂತ್ರ್ಯಕ್ಕೆ ಆರಿಸಿಕೊಂಡ ದಿನ 1968ರ ಜನವರಿ 31. ಹೌದು, ಚೂಕ್‌ನಿಂದ ಮರಳಿದ ಅದೇ ದಿನ. ಡೆರೋಬರ್ಟ್ ಮೊದಲ ಅಧ್ಯಕ್ಷರಾದರು. ತಮ್ಮದೇ ನೆಲದ ಗಣಿ ಉದ್ಯಮವನ್ನು 2.1 ಕೋಟಿ ಆಸ್ಟ್ರೇಲಿಯನ್ ಡಾಲರ್ ಕೊಟ್ಟು ಕೊಂಡುಕೊಳ್ಳಬೇಕಾಯಿತು!

ಕಥೆ ತೊಡಕಾಗೋದು ಇಲ್ಲೇ. ಸ್ವಾತಂತ್ರ್ಯದ ಹೊತ್ತಿಗೆ ಫಾಸ್ಫೇಟ್ ನೆಲದ ಸುಮಾರು ಮೂರನೇ ಒಂದು ಭಾಗ ಬರಿದಾಗಿತ್ತು. ಆಮೇಲಿನದನ್ನು ಅಗೆದದ್ದು ನೌರುವೇ. ಆ ದುಡ್ಡಲ್ಲಿ ವಿಮಾನಯಾನ ಸಂಸ್ಥೆ ಬಂತು, ಮೆಲ್ಬರ್ನ್‌ನಲ್ಲಿ 52 ಅಂತಸ್ತಿನ ಕಟ್ಟಡ ಎದ್ದಿತು. ದ್ವೀಪದ ನಡುವೆ ಮಾತ್ರ ಮಣ್ಣಿಲ್ಲದ, ಚೂಪು ಸುಣ್ಣಗಲ್ಲಿನ ಕಂಬಗಳು ಉಳಿದವು. ದ್ವೀಪ ಬಿಡಲ್ಲ ಅಂದ ನಾಯಕನೇ ಅದನ್ನು ಹಡಗಿಗೆ ತುಂಬಿಸಿ ಕಳಿಸಿದ. ಆದರೆ ಮಾರೋಕೆ ಅವರ ಹತ್ತಿರ ಬೇರೇನಿತ್ತು?

ಅಷ್ಟಕ್ಕೇ ಅವರು ಸುಮ್ಮನಾಗಲಿಲ್ಲ. ಸ್ವಾತಂತ್ರ್ಯಕ್ಕೂ ಮುಂಚೆ ಅಗೆದವರು ಆ ನೆಲವನ್ನು ಸರಿಪಡಿಸಿಕೊಡಬೇಕು ಅನ್ನೋದು ಅವರ ಹಟ. 1989ರಲ್ಲಿ ಅವರ ಸರ್ಕಾರ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಆಸ್ಟ್ರೇಲಿಯಾ ಮೇಲೆ ದಾವೆ ಹೂಡಿತು. ಅದೇ ವರ್ಷ ಸಂಸತ್ತಿನ ಅವಿಶ್ವಾಸ ಮತದಲ್ಲಿ ಡೆರೋಬರ್ಟ್ ಅಧಿಕಾರ ಕಳೆದುಕೊಂಡರು. ಪ್ರಕರಣ ವಿಚಾರಣೆಗೆ ಅರ್ಹ ಅಂತ ನ್ಯಾಯಾಲಯ ಹೇಳಿದ್ದು 1992ರ ಜೂನ್ 26ರಂದು. ಜುಲೈ 15ರಂದು ಅವರು ತೀರಿಕೊಂಡರು. ಮರುವರ್ಷ ಆಸ್ಟ್ರೇಲಿಯಾ ರಾಜಿಗೆ ಬಂದು 10.7 ಕೋಟಿ ಡಾಲರ್ ಕೊಡಲು ಒಪ್ಪಿತು.

ದುಡ್ಡು ಬಂತು, ಮಣ್ಣು ಬರಲಿಲ್ಲ. ಆದರೂ ನೌರು ಇವತ್ತಿಗೂ ಒಂದು ದೇಶ. ಕರ್ಟಿಸ್‌ಗೆ ಹೋಗಿದ್ದರೆ ಬಹುಶಃ ಒಂದು ಅಂಚೆ ವಿಳಾಸವಾಗಿ ಉಳಿಯುತ್ತಿತ್ತು.